ಚಿಂದಿಯ ಹೂಡಿ: ತುಂಡು ಮೊದಲೋ, ನಕ್ಷೆ ಮೊದಲೋ?

ಉಳಿದ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೂಡಿ ಹೊಲಿಯುವ ಹವ್ಯಾಸ ಮನೆಯಲ್ಲೇ ಮಿಷನ್ ಇಟ್ಟುಕೊಂಡವರ ನಡುವೆ ಚೆನ್ನಾಗಿ ಬೇರೂರಿದೆ. ಚಿಂದಿಯಿಂದ ಮಾಡಿದ್ದು ಎಂದು ತಿಳಿದರೆ ಸಾಕು, ನೋಡಿದವರು ಹೊಗಳಿ ಸುಮ್ಮನಾಗುತ್ತಾರೆ. ಬಟ್ಟೆ ಕಸದ ಲಾರಿ ಹತ್ತಲಿಲ್ಲ ಎಂಬ ಸಮಾಧಾನ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಅಂಗಿಯನ್ನು ಅಂಗಿಯಾಗಿಯೇ ನೋಡಬೇಕು. ಮೈಗೆ ಹೇಗೆ ಕೂರುತ್ತದೆ, ಕೊರಳನ್ನು ಹಿಂದಕ್ಕೆ ಎಳೆಯುತ್ತದೋ, ನಾಲ್ಕಾರು ಸಲ ಒಗೆದ ಮೇಲೆ ಏನಾಗುತ್ತದೆ ಎಂದು ಕೇಳಬೇಕು. ಹಾಗೆ ಕೇಳಿದರೆ, ಈಗ ಹೆಚ್ಚಿನವರು ಅನುಸರಿಸುವ ವಿಧಾನದ ಬುಡದಲ್ಲೇ ತಪ್ಪು ಕಾಣುತ್ತದೆ.

ವಿಧಾನ ಇಷ್ಟೆ. ಇದ್ದಬದ್ದ ತುಂಡುಗಳನ್ನೆಲ್ಲ ಒಂದೇ ಅಳತೆಯ ಚೌಕಗಳಾಗಿ ಕತ್ತರಿಸುತ್ತಾರೆ. ಚೌಕಗಳನ್ನು ಸಾಲುಸಾಲಾಗಿ ಹೊಲಿದು ಒಂದು ಅಗಲವಾದ ಬಟ್ಟೆ ಮಾಡುತ್ತಾರೆ. ಅದರ ಮೇಲೆ ಮಾಮೂಲಿ ಹೂಡಿಯ ನಕ್ಷೆ ಇಟ್ಟು ಮತ್ತೆ ಕತ್ತರಿ ಹಾಕುತ್ತಾರೆ. ಕಂಕುಳಿನ ಬಾಗು, ಕೊರಳಿನ ಬಾಗು, ತೋಳಿನ ಇಳಿಜಾರು ಬಂದ ಕಡೆಯೆಲ್ಲ ಆಗಷ್ಟೇ ಹೊಲಿದ ಚೌಕಗಳು ಅರ್ಧಂಬರ್ಧವಾಗಿ ನೆಲಕ್ಕೆ ಬೀಳುತ್ತವೆ. ಚಿಂದಿ ಉಳಿಸಲು ಹೊರಟ ಕೆಲಸದಿಂದ ಹೊಸ ಚಿಂದಿ ಹುಟ್ಟುತ್ತದೆ. ಅದೂ ದಾರ ಸುರಿದು, ಸಂಜೆಗಳನ್ನು ಕಳೆದು ಹೊಲಿದ ಚಿಂದಿ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. 10 ಸೆಂಟಿಮೀಟರ್ ಚೌಕದ ನಾಲ್ಕೂ ಬದಿಗೆ ಒಂದೊಂದು ಸೆಂಟಿಮೀಟರ್ ಮಾರ್ಜಿನ್ ಬಿಟ್ಟರೆ ಹೊರಗೆ ಉಳಿಯುವುದು 8 ಸೆಂಟಿಮೀಟರ್ ಚೌಕ. ಅಂದರೆ ನೂರು ಪಾಲಿನಲ್ಲಿ 36 ಪಾಲು ಬಟ್ಟೆ ಹೊಲಿಗೆಯೊಳಗೆ ಅಡಗಿತು. ಚೌಕ 5 ಸೆಂಟಿಮೀಟರ್‌ನದಾದರೆ 64 ಪಾಲು ಒಳಗೇ ಹೋಗುತ್ತದೆ. 20 ಸೆಂಟಿಮೀಟರ್‌ನದಾದರೆ 19 ಪಾಲು ಮಾತ್ರ. ಒಳಗೆ ಅಡಗಿದ ಬಟ್ಟೆಯ ಭಾರ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಭುಜವೇ ಹೊರಬೇಕು. ಚಿಕ್ಕ ಚೌಕಗಳ ಹೂಡಿ ನೋಡಲು ಹಬ್ಬದಂತೆ ಕಂಡರೂ ತೊಟ್ಟಾಗ ರಟ್ಟಿನಂತೆ ಸೆಟೆದು ನಿಲ್ಲುವುದು ಇದರಿಂದಲೇ.

ತಲೆ ಮುಚ್ಚುವ ಉಡುಪು ನಮಗೆ ಹೊಸದಲ್ಲ, ಅದನ್ನು ಮಾಡುವ ಜಾಣ್ಮೆಯೂ ಹೊಸದಲ್ಲ. ಮಲೆನಾಡಿನ ಮಳೆಯಲ್ಲಿ ಗದ್ದೆಗಿಳಿಯುವವರು ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ಕೊಪ್ಪೆ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಕತ್ತರಿ ಬೇಡ, ಸೂಜಿ ಬೇಡ. ತಲೆ, ಬೆನ್ನು ಎರಡೂ ಮುಚ್ಚುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಕೂಸಿಗೆ ಹೊಲಿಯುವ ಕುಂಚಿಗೆ ಇನ್ನೂ ನಯವಾದ ಕೆಲಸ. ಆಯತಾಕಾರದ ಬಟ್ಟೆಯನ್ನು ಮಡಚಿ ಒಂದು ಬದಿ ಹೊಲಿದರೆ ತಲೆಯ ಭಾಗ ಆಯಿತು. ಕುತ್ತಿಗೆಯ ಬಳಿ ನೆರಿಗೆ ಹಿಡಿದರೆ ಉಳಿದದ್ದು ಬೆನ್ನ ಮೇಲೆ ಇಳಿಯಿತು. ಕುಬುಸಕ್ಕೆಂದು ತಂದು ಉಳಿದ ಗುಳೇದಗುಡ್ಡದ ಖಣ ಹೊರಗೆ, ಅಜ್ಜಿಯ ಹಳೆಯ ಸೀರೆಯ ಮೆತ್ತನೆಯ ಅಸ್ತರ ಒಳಗೆ. ಬಾಗಿದ ಗೆರೆ ಒಂದೂ ಇಲ್ಲದ್ದರಿಂದ ಕತ್ತರಿಸಿ ಬಿಸಾಡುವುದೂ ಇಲ್ಲ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಯನ್ನೂ ಇಲ್ಲಿ ನೆನೆಯಬೇಕು. ಅವರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಇಡುತ್ತ, ಸುತ್ತುತ್ತ, ನಡುವಿನತ್ತ ಸಾಗುತ್ತಾರೆ. ತುಂಡು ಉದ್ದವಿದ್ದರೆ ಉದ್ದಕ್ಕೇ ಕೂರುತ್ತದೆ, ಸೊಟ್ಟಗಿದ್ದರೆ ಅಂಚು ಮಡಚಿ ಕೂರಿಸುತ್ತಾರೆ. ಮೂಲೆಗಳಿಗೆ ಮಡಿಕೆಯ ತ್ರಿಕೋನದ ತುಂಡು, ಅವರು ಫೂಲ ಎನ್ನುವುದು, ಬಿದ್ದ ಮೇಲೆಯೇ ಕವಂದಿ ಮುಗಿದಂತೆ. ಕೈಯಲ್ಲಿ ಯಾವ ತುಂಡು ಇದೆಯೋ ಅದು ಮುಂದಿನ ಹೆಜ್ಜೆಯನ್ನು ಹೇಳುತ್ತದೆ. ಹಾಸುವ, ಹೊದೆಯುವ ವಸ್ತುವಿಗೂ ತೊಡುವ ಅಂಗಿಗೂ ವ್ಯತ್ಯಾಸವಿದೆ, ನಿಜ. ಆದರೂ ಚಿಂದಿಯ ಹೂಡಿ ಕಲಿಯಬೇಕಾದ ಪಾಠ ಈ ಕಡೆಯೇ ಇದೆ. ನಕ್ಷೆಗೆ ತಕ್ಕಂತೆ ತುಂಡನ್ನು ಕತ್ತರಿಸಬಾರದು, ತುಂಡಿಗೆ ತಕ್ಕಂತೆ ನಕ್ಷೆ ಬರೆಯಬೇಕು.

ಹಾಗೆ ಬರೆದರೆ ಹೂಡಿ ಹೇಗಿರುತ್ತದೆ? ಮುಂಭಾಗ, ಹಿಂಭಾಗ, ತೋಳು ಎಲ್ಲವೂ ಆಯತಗಳು. ಕಂಕುಳಿಗೆ ಬಾಗಿನ ಬದಲು ಒಂದು ಚೌಕ ತುಂಡು, ನಮ್ಮ ಹಳೆಯ ಜುಬ್ಬಾಗಳಲ್ಲಿ ಇರುತ್ತಿದ್ದಂಥದ್ದು. ಕೈ ಎತ್ತಲು ಸಲೀಸು, ಬಟ್ಟೆಯೂ ಹಾಳಾಗದು. ಅಂಗಡಿಯ ಹೂಡಿಯ ಅಳತೆಯನ್ನು ಹಾಗೇ ನಕಲು ಮಾಡುವುದರಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದ ಚಾಂಪಿಯನ್ ಕಂಪನಿ 1930ರ ದಶಕದಲ್ಲಿ ಚಳಿಯಲ್ಲಿ ದುಡಿಯುವವರಿಗೆ, ಆಟಗಾರರಿಗೆ ಹೊಲಿದ ಈ ಅಂಗಿ ಹೆಣಿಗೆ ಬಟ್ಟೆಯದು. ಅದು ಹಿಗ್ಗುತ್ತದೆ ಎಂದು ನಂಬಿಯೇ ಅದರ ಕೊರಳು, ತೋಳು ಬಿಗಿಯಾಗಿವೆ. ನಮ್ಮ ತುಂಡುಗಳಲ್ಲಿ ಹೆಚ್ಚಿನವು ಶರ್ಟಿನ, ಚೂಡಿದಾರದ, ಬ್ಲೌಸಿನ ನೇಯ್ದ ಬಟ್ಟೆ, ಹಿಗ್ಗುವುದಿಲ್ಲ. ದೊಡ್ಡವರ ತಲೆಯ ಸುತ್ತಳತೆ 56 ಸೆಂಟಿಮೀಟರ್‌ನ ಆಸುಪಾಸು ಇರುವಾಗ ಕೊರಳು ಅದಕ್ಕಿಂತ ಅಗಲ ಇರಬೇಕು, ಇಲ್ಲವೇ ಎದೆಯ ಮೇಲೆ ಸೀಳು ಅಥವಾ ಜಿಪ್ ಬೇಕು. ಇದನ್ನು ಮರೆತು ಹೊಲಿದ ಎಷ್ಟೋ ಅಂಗಿಗಳು ತಲೆ ತೂರದೆ ಬೀರುವಿನಲ್ಲಿ ಕುಳಿತಿವೆ.

ನಿಜವಾದ ಪರೀಕ್ಷೆ ತಲೆಯ ಭಾಗದ್ದು. ಎರಡೇ ತುಂಡಿನ ಹುಡ್‌ನಲ್ಲಿ ಹಣೆಯಿಂದ ಕತ್ತಿನವರೆಗೆ ನಟ್ಟನಡುವೆ ಒಂದು ಹೊಲಿಗೆ ಓಡುತ್ತದೆ. ಅಲ್ಲಿ ತೇಪೆಗಳ ಅಡ್ಡ ಹೊಲಿಗೆಗಳೂ ಬಂದು ಸೇರಿದರೆ ನೆತ್ತಿಯ ಮೇಲೆ ಗಂಟುಗಂಟು. ಬಸ್ಸಿನಲ್ಲಿ ತಲೆ ಆನಿಸಿ ಕೂತವರಿಗೆ ಅದು ಒತ್ತುವುದು ಗೊತ್ತು. ಮೂರು ತುಂಡಿನ ಹುಡ್ ಇದಕ್ಕಿಂತ ಬಹಳ ಮೇಲು. ಎರಡು ಪಕ್ಕಗಳು, ನಡುವೆ ಅಂಗೈ ಅಗಲದ ಉದ್ದ ಪಟ್ಟಿ. ಪಕ್ಕಗಳಿಗೆ ದೊಡ್ಡ ತುಂಡುಗಳನ್ನೇ ಇಡಬೇಕು. ಸಣ್ಣ ತುಂಡುಗಳ ಬಣ್ಣದಾಟಕ್ಕೆ ಆ ಪಟ್ಟಿಯೊಂದೇ ಸಾಕು, ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಜೀನ್ಸ್ ಬಟ್ಟೆಯನ್ನು ಮಾತ್ರ ಹುಡ್‌ಗೆ ಹಾಕಲೇಬಾರದು. ಹಿಂದೆ ಇಳಿಬಿಟ್ಟಾಗ ಅದರ ಭಾರಕ್ಕೆ ಅಂಗಿಯ ಕೊರಳು ಗಂಟಲಿಗೆ ಬಂದು ತಾಗುತ್ತದೆ. ಜೀನ್ಸ್ ಜೇಬಿಗೆ, ಕೆಳ ಅಂಚಿಗೆ ಸರಿ. ಹುಡ್‌ನ ಒಳಗೆ ಸವೆದ ಲುಂಗಿ ಅಥವಾ ಪಂಚೆಗಿಂತ ಒಳ್ಳೆಯ ಅಸ್ತರವನ್ನು ನಾನು ಕಂಡಿಲ್ಲ.

ತುಂಡುಗಳನ್ನು ಮೊದಲೇ ಒಗೆದು ಒಣಗಿಸುವುದು, ಬಣ್ಣ ಬಿಡುವುದನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುವುದು, ಬನಿಯನ್ ಬಟ್ಟೆಯನ್ನೂ ನೇಯ್ದ ಬಟ್ಟೆಯನ್ನೂ ಒಂದೇ ಸಾಲಿನಲ್ಲಿ ಸೇರಿಸದಿರುವುದು ಹೊಲಿಗೆ ಕಲಿತವರಿಗೆಲ್ಲ ತಿಳಿದದ್ದೇ. ಅಂಗೈಗಿಂತ ಚಿಕ್ಕ ತುಂಡನ್ನು ಮೈಭಾಗಕ್ಕೆ ಬಳಸದಿರುವ ಸಂಯಮ ಮಾತ್ರ ಅಪರೂಪ. ಅವು ದಿಂಬಿನೊಳಗೆ ಹೋಗಲಿ, ಗ್ಯಾರೇಜಿನಲ್ಲಿ ಕೈ ಒರೆಸಲು ಹೋಗಲಿ, ಅದರಲ್ಲಿ ಅವಮಾನವೇನಿಲ್ಲ.

ಅಂಗಡಿಗಳಲ್ಲಿ ಈಗ ತೇಪೆಯ ಚಿತ್ರವನ್ನು ಹೊಸ ಬಟ್ಟೆಯ ಮೇಲೆ ಅಚ್ಚು ಹಾಕಿದ ಹೂಡಿಗಳೂ ಸಿಗುತ್ತವೆ. ಹೊಸ ಥಾನನ್ನೇ ಚೌಕವಾಗಿ ಕತ್ತರಿಸಿ ಮತ್ತೆ ಜೋಡಿಸಿದವೂ ಇವೆ. ನನ್ನ ಮಟ್ಟಿಗೆ ಇದು ಈ ಕೆಲಸಕ್ಕೆ ಆದ ದೊಡ್ಡ ಅನ್ಯಾಯ. ತೇಪೆ ಚೆಂದ ಕಾಣುವುದು ಬಟ್ಟೆ ಸಾಲದೆ ಬಂದಾಗ, ಯಾರೋ ತಲೆ ಓಡಿಸಿ ಸರಿದೂಗಿಸಿದಾಗ. ಆ ಕೊರತೆಯೂ ಇಲ್ಲದೆ, ಆ ಯೋಚನೆಯೂ ಇಲ್ಲದೆ, ಹೊಸ ಬಟ್ಟೆ ವ್ಯರ್ಥ ಮಾಡಿ ತರಿಸಿದ ತೇಪೆಗೆ ಬೆಲೆ ಕೊಡಲು ನನಗೆ ಮನಸ್ಸು ಬಾರದು. ಒಂದು ಕೈ ಕಂದು, ಇನ್ನೊಂದು ಕೈ ನೀಲಿ ಇರುವ, ಬಟ್ಟೆ ಮುಗಿದ ಕಡೆ ಬಣ್ಣ ಬದಲಾದ ಮನೆಯ ಹೂಡಿ ಇದಕ್ಕಿಂತ ನೂರು ಪಾಲು ಮೇಲು.

ಬೆಂಗಳೂರು, ಹಾಸನ, ಧಾರವಾಡದ ಮಾರ್ಗಶಿರ, ಪುಷ್ಯದ ಚಳಿಗೆ ಉಣ್ಣೆಯ ದಪ್ಪ ಬೇಕಿಲ್ಲ. ಅಸ್ತರ ಹಾಕಿದ ಎರಡು ಪದರ ಹತ್ತಿ ಬಟ್ಟೆ ಸಾಕು, ಅದು ನಮ್ಮ ತುಂಡಿನ ಗಂಟುಗಳಲ್ಲಿ ಈಗಾಗಲೇ ಇದೆ. ಹೊಲಿಯುವ ಮನಸ್ಸಿರುವವರು ಗಂಟು ಬಿಚ್ಚಿ ತುಂಡುಗಳನ್ನು ಮೊದಲು ನೆಲದ ಮೇಲೆ ಹರಡಿ, ಅತಿ ದೊಡ್ಡದನ್ನು ಅಳೆಯಿರಿ. ಬೆನ್ನಿನ ಅಗಲ ಎಷ್ಟಿರಬೇಕೆಂದು ಅದು ಹೇಳಿದ ಮೇಲೆ ಪೆನ್ಸಿಲ್ ಹಿಡಿಯಿರಿ.