ಹಿಂಬದಿಯ ದನಿ ಎಲ್ಲಿಗೆ ಹೋಗಬೇಕು?

ಹೆಡ್‌ಫೋನಿನ ಒಳಗಿರುವ ಡಯಾಫ್ರಮ್ ಅಲುಗಿದಾಗ ಕಿವಿಯ ಕಡೆಗೆ ಒಂದು ದನಿ ಹೊರಡುತ್ತದೆ. ಅದೇ ಗಳಿಗೆಯಲ್ಲಿ ಬೆನ್ನಿನ ಕಡೆಗೂ ಅಷ್ಟೇ ಜೋರಾದ ಇನ್ನೊಂದು ದನಿ ಹೊರಡುತ್ತದೆ. ಈ ಎರಡನೆಯದನ್ನು ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ ಹೆಡ್‌ಫೋನುಗಳಲ್ಲಿ ಎರಡು ಜಾತಿ ಹುಟ್ಟಿಕೊಂಡಿವೆ. ಬಟ್ಟಲಿನ ಬೆನ್ನಿಗೆ ಬರೀ ಜಾಲರಿ ಹಾಕಿ ಆ ದನಿಯನ್ನು ಹೊರಗೆ ಬಿಟ್ಟುಬಿಟ್ಟರೆ ಅದು ತೆರೆದ ಹೆಡ್‌ಫೋನು. ಗಟ್ಟಿ ಗೋಡೆ ಕಟ್ಟಿ ಒಳಗೇ ಕೂಡಿಹಾಕಿದರೆ ಮುಚ್ಚಿದ ಹೆಡ್‌ಫೋನು.

ತೆರೆದದ್ದನ್ನು ಮೆಚ್ಚುವವರು ಮೊದಲು ಎತ್ತುವ ಮಾತು ಸೌಂಡ್‌ಸ್ಟೇಜಿನದು. ವಾದ್ಯಗಳು ತಲೆಯಿಂದಾಚೆ ಹರಡಿಕೊಂಡು, ಒಂದೊಂದೂ ತನ್ನ ಜಾಗದಲ್ಲಿ ಕೂತು ನುಡಿಯುತ್ತವೆ ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ನನ್ನ ಮಟ್ಟಿಗೆ ಅದು ಎರಡನೆಯ ಸಾಲಿನ ಗುಣ. ನಾನು ಹೆಚ್ಚು ಕೇಳುವುದು ಹಳೆಯ ಧ್ವನಿಮುದ್ರಣಗಳನ್ನು: ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ದೊರೆಸ್ವಾಮಿ ಅಯ್ಯಂಗಾರ್. ಆ ಕಾಲದ ರೇಡಿಯೋ ಮುದ್ರಣಗಳಲ್ಲಿ ಬಹುಪಾಲು ಮೋನೋ. ಎಡ ಬಲವೇ ಇಲ್ಲದ ಮುದ್ರಣದಲ್ಲಿ ಯಾವ ಹೆಡ್‌ಫೋನೂ ವೇದಿಕೆ ಕಟ್ಟಲಾರದು. ಆದರೂ ಅದೇ ಮುದ್ರಣವನ್ನು ತೆರೆದದ್ದರಲ್ಲಿ ಕೇಳಿದಾಗ ಹಾಡುಗಾರನ ಕಂಠ ಹತ್ತಿರವಾಗುತ್ತದೆ, ಸಹಜವಾಗುತ್ತದೆ. ಹಾಗಾದರೆ ತೆರೆದದ್ದರ ಹೆಚ್ಚುಗಾರಿಕೆ ಅಗಲದಲ್ಲಿಲ್ಲ, ನಾದದ ಬಣ್ಣದಲ್ಲಿದೆ. ಹೋದ ದನಿ ಗೋಡೆಗೆ ಬಡಿದು ಕಿವಿಗೆ ಮರಳಿ ಬರುವುದಿಲ್ಲ, ಅದೇ ಅದರ ದೊಡ್ಡ ಗುಣ.

ಮೊದಲು ಇದ್ದದ್ದೆಲ್ಲ ಮುಚ್ಚಿದ ಬಗೆಯೇ. ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ 1958ರಲ್ಲಿ ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೋ ಹೆಡ್‌ಫೋನು ಹೊರತಂದಾಗ ಅದರ ಬಟ್ಟಲು ಮುಚ್ಚಿಯೇ ಇತ್ತು. ಹತ್ತು ವರ್ಷಗಳ ನಂತರ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414 ಅನ್ನು ಮಾರುಕಟ್ಟೆಗೆ ತಂದಿತು. ಹಗುರ ಪ್ಲಾಸ್ಟಿಕ್ಕು, ಕಿವಿಯ ಮೇಲೆ ಕೂರುವ ಹಳದಿ ಸ್ಪಂಜು, ಹಿಂದೆ ಗೋಡೆಯೇ ಇಲ್ಲ. ಹೊರಗಿನ ಸದ್ದು ಒಳಗೆ ಬಂದರೆ ಬರಲಿ, ಒಳಗಿನದು ಹೊರಗೆ ಹೋದರೆ ಹೋಗಲಿ ಎಂದು ಆ ಎಂಜಿನಿಯರುಗಳು ತೆಗೆದುಕೊಂಡ ತೀರ್ಮಾನ ಇಂದಿಗೂ ನನಗೆ ಧೈರ್ಯದ್ದೆನಿಸುತ್ತದೆ. ಇವತ್ತಿನ ದುಬಾರಿ ಆಡಿಯೋಫೈಲ್ ಹೆಡ್‌ಫೋನುಗಳಲ್ಲಿ ಹೆಚ್ಚಿನವು ಆ ಹಳದಿ ಸ್ಪಂಜಿನ ಮೊಮ್ಮಕ್ಕಳೇ.

ಗೋಡೆ ಕಟ್ಟಿದರೆ ಆಗುವುದೇನು? ಐದು ಸಾವಿರ ಹರ್ಟ್ಸ್ ಕಂಪನದ ದನಿಯ ಅಲೆ ಗಾಳಿಯಲ್ಲಿ ಸುಮಾರು 7 ಸೆಂಟಿಮೀಟರ್ ಉದ್ದವಿರುತ್ತದೆ. ಹೆಚ್ಚುಕಡಿಮೆ ಬಟ್ಟಲಿನ ಅಡ್ಡಳತೆಯೂ ಅಷ್ಟೇ. ಹಾಗಾಗಿ ಆ ಆಸುಪಾಸಿನ ದನಿಗಳು ಒಳಗೋಡೆಗೆ ಬಡಿದು, ಹಿಂತಿರುಗಿ, ಹೊಸದಾಗಿ ಬರುತ್ತಿರುವ ದನಿಯ ಜೊತೆ ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ಕಳೆದುಕೊಂಡು ಏರುತಗ್ಗು ಮಾಡುತ್ತವೆ. ಕೆಳಗಿನ ದನಿಗಳ ಕಥೆ ಬೇರೆ. ಬಟ್ಟಲಿನಲ್ಲಿ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಡಯಾಫ್ರಮ್ಮನ್ನು ತಳ್ಳುತ್ತದೆ. ಅದರಿಂದ ಕೆಲವು ಕಂಪನಗಳು ಉಬ್ಬುತ್ತವೆ, ಅವುಗಳ ಪಕ್ಕದವು ಕುಗ್ಗುತ್ತವೆ. ಕೆಟ್ಟ ಮುಚ್ಚಿದ ಹೆಡ್‌ಫೋನಿನಲ್ಲಿ ಗಾಯಕರು ಕೊಡದೊಳಗೆ ಮುಖವಿಟ್ಟು ಹಾಡಿದಂತೆ ಕೇಳಿಸುವುದು ಇದರಿಂದಲೇ. ಒಳ್ಳೆಯದರಲ್ಲಿ ಈ ದೋಷ ಕಡಿಮೆಯಿರುತ್ತದೆ. ಪೂರ್ತಿ ಇಲ್ಲವಾಗುವುದು ಅಪರೂಪ.

ಇದಕ್ಕೆ ತಕ್ಕ ಉದಾಹರಣೆ ಸೆನ್‌ಹೈಸರಿನ ಅಣ್ಣತಮ್ಮಂದಿರೇ. 2009ರ ಎಚ್‌ಡಿ 800 ಮತ್ತು ಅದನ್ನು ತಿದ್ದಿ ತಂದ 800 ಎಸ್ ತೆರೆದವು, 56 ಮಿಲಿಮೀಟರಿನ ಉಂಗುರದಾಕಾರದ ಡ್ರೈವರು (ಡಯಾಫ್ರಮ್ ಸಮೇತ ದನಿ ಹುಟ್ಟಿಸುವ ಭಾಗ) ಇರುವವು. 2018ರಲ್ಲಿ ಅದೇ ಬಗೆಯ ಡ್ರೈವರಿಗೆ ಗೋಡೆ ಕಟ್ಟಿ ಎಚ್‌ಡಿ 820 ಮಾಡಿದರು. ಗೋಡೆ ಎಂದರೆ ಸಾಮಾನ್ಯ ಗೋಡೆಯಲ್ಲ, ಒಳಬಾಗಿದ ಗೊರಿಲ್ಲಾ ಗಾಜು. ಬೆನ್ನಿನ ದನಿ ಆ ಗಾಜಿಗೆ ತಗುಲಿ ಅಂಚಿನಲ್ಲಿರುವ ಹೀರುಗೂಡುಗಳಿಗೆ ಹೋಗಿ ಸೇರಬೇಕು, ಡಯಾಫ್ರಮ್ಮಿಗೆ ಮರಳಬಾರದು ಎಂಬ ಲೆಕ್ಕಾಚಾರ. ಉಪಾಯ ಜಾಣತನದ್ದು, ಕೆಲಸಗಾರಿಕೆ ಕಣ್ಣಿಗೊತ್ತಿಕೊಳ್ಳುವಂಥದ್ದು. ಬೆಲೆ ಬಿಡುಗಡೆಯ ಹೊತ್ತಿಗೆ ಸುಮಾರು 2400 ಡಾಲರ್, ತೆರೆದ ಅಣ್ಣನಿಗಿಂತ ಎಷ್ಟೋ ಹೆಚ್ಚು. ಇಷ್ಟಾದರೂ ಅಳತೆ ಮಾಡಿದವರಿಗೆ ಅದರಲ್ಲಿ ಸುಮಾರು 300 ಹರ್ಟ್ಸ್ ಸುತ್ತ ಎದ್ದು ಕಾಣುವ ತಗ್ಗು ಸಿಕ್ಕಿತು.

ಮುನ್ನೂರು ಹರ್ಟ್ಸ್ ಅಂದರೆ ನಮ್ಮ ಸಂಗೀತದಲ್ಲಿ ಎಲ್ಲಿ ಬರುತ್ತದೆ ನೋಡಿ. ಗಂಡಸರು ಹಾಡುವ ಕಪ್ಪು ಒಂದರ ಶ್ರುತಿಯಲ್ಲಿ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಾರ ಷಡ್ಜ 277. ಅದರ ಮೇಲಿನ ರಿಷಭಗಳು 300ರ ಎರಡು ಮಗ್ಗುಲಲ್ಲಿ ಬರುತ್ತವೆ. ಗಾಯಕ ಆಲಾಪವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಕೊನೆಗೆ ತಾರ ಷಡ್ಜ ಮುಟ್ಟಿ ನಿಲ್ಲುವ ಜಾಗ ಅದು. ಅರ್ಧ ಗಂಟೆಯಿಂದ ಕಾದು ಕೂತ ಸ್ವರ ಬಂದಾಗಲೇ ಕಂಠದ ತಿರುಳು ಒಂದಿಷ್ಟು ಸವೆದಿದ್ದರೆ, ಉಳಿದದ್ದು ಎಷ್ಟು ಚೊಕ್ಕವಾಗಿದ್ದರೂ ನನಗೆ ಸಮಾಧಾನವಿಲ್ಲ. ಪಿಯಾನೋ ಕೇಳುವವರಿಗೆ, ಎಲೆಕ್ಟ್ರಾನಿಕ್ ಸಂಗೀತ ಕೇಳುವವರಿಗೆ ಇದು ಅಷ್ಟು ದೊಡ್ಡ ಕೊರತೆ ಅನಿಸದಿರಬಹುದು. ಕಂಠ ಸಂಗೀತದವರಿಗೆ ಇದು ಮೂಲಕ್ಕೇ ಪೆಟ್ಟು.

ತಂಬೂರಿಯನ್ನೇ ತೆಗೆದುಕೊಳ್ಳೋಣ. ಹೆಡ್‌ಫೋನು ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ವಾದ್ಯ ನನಗೆ ಗೊತ್ತಿಲ್ಲ. ಪಂಚಮದ ತಂತಿ, ಎರಡು ಷಡ್ಜ, ಕೊನೆಗೆ ಮಂದ್ರ. ಒಂದು ತಂತಿಯ ನಾದ ಆರುವ ಮುಂಚೆ ಮುಂದಿನದು ಮೊಳಗುತ್ತದೆ. ಕುದುರೆಯ ಮೇಲೆ ಜೀವಾಳದ ದಾರ ಸರಿಯಾಗಿ ಕೂತಿದ್ದರೆ ಒಂದೇ ತಂತಿಯಿಂದ ಒಂದರ ಮೇಲೊಂದು ಮೇಲ್ದನಿಗಳು ಅರಳುತ್ತವೆ. ಮಂದ್ರದ ತಂತಿ ಮೀಟಿದ ಮೇಲೆ ಅಂತರ ಗಾಂಧಾರ ತಾನಾಗಿ ತೇಲಿ ಬರುವುದನ್ನು ಸಂಗೀತ ಕಲಿತವರೆಲ್ಲ ಬಲ್ಲರು. ಸೆನ್‌ಹೈಸರಿನ ತೆರೆದ ಎಚ್‌ಡಿ 600ರಲ್ಲಿ ಕೇಳಿದರೆ ಒಂದೊಂದು ತಂತಿಯ ಅರಳುವಿಕೆ ಬೇರೆಬೇರೆಯಾಗಿ ಸಿಗುತ್ತದೆ, ಆರುವುದೂ ಅದರದರ ಹೊತ್ತಿಗೆ ಆರುತ್ತದೆ. ಬೆಯರ್‌ಡೈನಾಮಿಕ್‌ನ ಮುಚ್ಚಿದ ಡಿಟಿ 770ರಲ್ಲಿ ಅದೇ ಮುದ್ರಣ ಹಾಕಿದರೆ ಮಂದ್ರದ ತಂತಿ ಉಬ್ಬಿಕೊಂಡು ಪಂಚಮದ ಮೇಲೆ ಹಬ್ಬುತ್ತದೆ. ಮೇಲ್ದನಿಗಳಲ್ಲಿ ಎಂಟು ಸಾವಿರ ಹರ್ಟ್ಸ್ ಆಸುಪಾಸಿನವು ಹೆಚ್ಚು ಮಿನುಗುತ್ತವೆ, ನಡುವಿನವು ಹಿಂದೆ ಸರಿಯುತ್ತವೆ. ಮೊದಲ ಐದು ನಿಮಿಷ ಈ ಮಿನುಗು ಬಹಳ ಹಿಡಿಸುತ್ತದೆ. ಒಂದು ಇಡೀ ರಾಗ ಮುಗಿಯುವ ಹೊತ್ತಿಗೆ ಕಿವಿ ದಣಿಯುತ್ತದೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ಮಿನುಗಿಗೆ ಕಾರಣ ಬರೀ ಗೋಡೆಯಲ್ಲ. ಅದೇ ಮನೆತನದ ತೆರೆದ ಡಿಟಿ 990ರಲ್ಲೂ ಅದು ಇದೆ, ಕೆಲವರ ಕಿವಿಗೆ ಇನ್ನೂ ಚುರುಕಾಗಿಯೇ ಇದೆ. ಬೆನ್ನು ತೆರೆದ ಮಾತ್ರಕ್ಕೆ ಹೆಡ್‌ಫೋನು ಒಳ್ಳೆಯದಾಗುವುದಿಲ್ಲ. ಡ್ರೈವರನ್ನು ಯಾರ ಕಿವಿ ಹದಗೊಳಿಸಿತು ಎನ್ನುವುದು ಗೋಡೆಯಷ್ಟೇ ಮುಖ್ಯ.

ತೆರೆದದ್ದು ಸೋಲುವ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ಬೆನ್ನಿನ ದನಿ ಹೊರಗೆ ಹೋಗುತ್ತದೆ ಎಂದೆನಲ್ಲ, ಅದರಲ್ಲಿ ತೀರಾ ಕೆಳಗಿನ ದನಿಗಳು ಸುತ್ತಿ ಬಂದು ಮುಂದಿನ ದನಿಯನ್ನೇ ಅಳಿಸುತ್ತವೆ. ಎಚ್‌ಡಿ 600ರಲ್ಲಿ 50-60 ಹರ್ಟ್ಸ್‌ನ ಕೆಳಗೆ ಬಲ ಇಳಿಯುತ್ತಾ ಹೋಗುತ್ತದೆ. ಮೃದಂಗದ ಎಡಮುಖದ ಗುಮುಕಿ ಸರಿಯಾಗಿಯೇ ಕೇಳಿಸುತ್ತದೆ, ಆದರೆ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರ ಎದೆಗೆ ತಾಗುವ ಗಾಳಿಯ ಒತ್ತು ಸಿಗುವುದಿಲ್ಲ. ಈಗಿನ ಸಿನಿಮಾ ಹಾಡುಗಳ ಬೇಸ್ ಕೇಳುವವರಿಗಂತೂ ಅದು ಸಪ್ಪೆ ಎನಿಸುತ್ತದೆ. ಪ್ಲೇನಾರ್ ಮ್ಯಾಗ್ನೆಟಿಕ್ ಎಂಬ, ಚಪ್ಪಟೆ ಹಾಳೆಯಂಥ ಡಯಾಫ್ರಮ್ಮಿನ ಡ್ರೈವರಿರುವ ತೆರೆದ ಹೆಡ್‌ಫೋನುಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ. ಆದರೆ ಅವುಗಳಲ್ಲಿ ಹಲವು ತೂಕದವು, ಉದ್ದದ ಕಚೇರಿ ಮುಗಿಯುವಷ್ಟರಲ್ಲಿ ಕುತ್ತಿಗೆಗೆ ಭಾರ.

ಇನ್ನು ನಮ್ಮ ಮನೆಗಳು. ತೆರೆದ ಹೆಡ್‌ಫೋನು ಹುಟ್ಟಿದ್ದು ಚಳಿಗೆ ಕಿಟಕಿ ಮುಚ್ಚಿಕೊಂಡು ಕೂರುವ ದೇಶದಲ್ಲಿ. ಬೆಂಗಳೂರಿನಲ್ಲಿ ರಸ್ತೆಗೆ ಮುಖ ಮಾಡಿದ ಮನೆ, ತೆರೆದ ಕಿಟಕಿ, ತಿರುಗುವ ಫ್ಯಾನು, ಪಕ್ಕದ ಮನೆಯ ಮಿಕ್ಸಿ, ಕುಕ್ಕರಿನ ಕೂಗು, ಎಲ್ಲವೂ ಆ ಜಾಲರಿಯಿಂದ ನೇರ ಒಳಗೆ ಬರುತ್ತವೆ. ತಂಬೂರಿಯ ಆರುವ ತುದಿ, ವೀಣೆಯ ಒಂದೇ ಮೀಟಿನ ಮೇಲೆ ಎಳೆದ ಗಮಕದ ಕೊನೆ, ಇವೆಲ್ಲ ಆ ಸದ್ದಿನ ಕೆಳಗೆ ಮುಳುಗಿಹೋಗುತ್ತವೆ. ಆಗ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಇದು ಸುಮ್ಮನೆ ಬಿಡುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ಆ ಅವಧಿ 4 ಗಂಟೆಗೆ ಇಳಿಯುತ್ತದೆ. ಗದ್ದಲವನ್ನು ಮೀರಿಸಲೆಂದು ಏರಿಸಿದ ಹತ್ತು ಡೆಸಿಬೆಲ್ಲಿಗೆ ಕಿವಿ ಕೊಡುವ ಬೆಲೆ ಅಷ್ಟು.

ಡಿಟಿ 770 ಹೊರಗಿನ ಸದ್ದನ್ನು ಸುಮಾರು 18 ಡೆಸಿಬೆಲ್ ತಗ್ಗಿಸುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಮಾತುಕತೆ, ಹಾರನ್ನು, ಕುಕ್ಕರ್ ದೂರ ಸರಿಯುತ್ತವೆ. ಬಸ್ಸು ಲಾರಿಗಳ ಎಂಜಿನ್ನಿನ ಗೊರಗೊರ ಮಾತ್ರ ಬಹುಪಾಲು ಹಾಗೆಯೇ ಬರುತ್ತದೆ. ಕೆಳಗಿನ ದನಿಯನ್ನು ತಡೆಯಲು ಈ ಗೋಡೆ ಸಾಲದು. ಇಷ್ಟು ಸಿಕ್ಕರೂ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತು ಸಂಗೀತ ಕೇಳಬೇಕಾದವರಿಗೆ ಮುಚ್ಚಿದ್ದೇ ಸರಿ. ಬಣ್ಣ ಸ್ವಲ್ಪ ಕೆಟ್ಟರೂ ಪೂರ್ತಿ ಕೇಳುವ ಸಂಗೀತ, ಬಣ್ಣ ಶುದ್ಧವಿದ್ದೂ ಅರ್ಧ ಮುಳುಗಿದ ಸಂಗೀತಕ್ಕಿಂತ ಮೇಲು. ಮಗು ಮಲಗಿರುವ ಕೋಣೆಯಲ್ಲಿ, ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ ತೆರೆದದ್ದರ ಮಾತೇ ಬೇಡ. ನೀವು ಕೇಳುವುದನ್ನು ಪಕ್ಕದವರೂ ಕೇಳಬೇಕಾಗುತ್ತದೆ. ಸ್ಟುಡಿಯೋದಲ್ಲಿ ಹಾಡುವವರಿಗೆ ಮುಚ್ಚಿದ್ದನ್ನೇ ಕೊಡುವುದೂ ಇದಕ್ಕಾಗಿ. ಇಲ್ಲದಿದ್ದರೆ ಟ್ರ್ಯಾಕಿನ ದನಿ ಸೋರಿ ಮೈಕಿಗೆ ಸೇರುತ್ತದೆ.

ಬೆಲೆಯ ವಿಚಾರದಲ್ಲಿ ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. 1997ರಲ್ಲಿ ಬಂದ ಎಚ್‌ಡಿ 600 ಇಂದಿಗೂ ತಯಾರಾಗುತ್ತಿದೆ. ಅದರ ಇಯರ್‌ಪ್ಯಾಡು, ವೈರು, ತಲೆಪಟ್ಟಿಯ ಮೆತ್ತೆ ಎಲ್ಲವನ್ನೂ ಕೈಯಲ್ಲೇ ಬಿಚ್ಚಿ ಬದಲಿಸಬಹುದು. ಪ್ಯಾಡು ಚಪ್ಪಟೆಯಾದರೆ ಡ್ರೈವರು ಕಿವಿಗೆ ಹತ್ತಿರವಾಗಿ ದನಿಯೇ ಬದಲಾಗುತ್ತದೆ, ಆದ್ದರಿಂದ ಪ್ಯಾಡು ಸಿಗುವುದು ಸಣ್ಣ ಸಂಗತಿಯಲ್ಲ. 2003ರ ಎಚ್‌ಡಿ 650ರ ಆಧಾರದ ಮೇಲೆ ಮಾಸ್‌ಡ್ರಾಪ್ ಎಂಬ ಆನ್‌ಲೈನ್ ಅಂಗಡಿ 2016ರಲ್ಲಿ ಎಚ್‌ಡಿ 6ಎಕ್ಸ್‌ಎಕ್ಸ್ ಅನ್ನು ಸುಮಾರು 200 ಡಾಲರಿಗೆ ಮಾರಿದ ಮೇಲೆ, ಈ ಮಟ್ಟದ ನಾದಕ್ಕೆ ಹಲವು ಪಟ್ಟು ಬೆಲೆ ಕೇಳುವವರು ಮೊದಲು ಅದನ್ನು ಮೀರಿಸಿ ತೋರಿಸಬೇಕು.

ಇವುಗಳಿಗೆ 300 ಓಮ್ ಇಂಪಿಡೆನ್ಸ್ ಇರುವುದರಿಂದ ದೊಡ್ಡ ಆಂಪ್ಲಿಫೈಯರ್ ಬೇಕೇ ಬೇಕು ಎಂದು ಹೆದರಿಸುವವರಿದ್ದಾರೆ. ಎಚ್‌ಡಿ 600 ಒಂದು ವೋಲ್ಟಿಗೆ 97 ಡೆಸಿಬೆಲ್ ದನಿ ಕೊಡುತ್ತದೆ. ಒಂದು ವೋಲ್ಟ್ ಕೊಡುವ ಪುಟ್ಟ ಯುಎಸ್‌ಬಿ ಡಾಂಗಲ್ ನಿಶ್ಶಬ್ದ ಕೋಣೆಗೆ ಧಾರಾಳ ಸಾಕು. ಕಡಿಮೆ ಮಟ್ಟದಲ್ಲಿ ಮುದ್ರಿಸಿದ ಹಳೆಯ ಟೇಪುಗಳಿಗೆ ಮಾತ್ರ ಇನ್ನಷ್ಟು ಬಲವಿದ್ದರೆ ಒಳ್ಳೆಯದು.

ದುಬಾರಿ ಮುಚ್ಚಿದ ಹೆಡ್‌ಫೋನುಗಳಲ್ಲಿ ಗೋಡೆಯ ದೋಷವನ್ನು ನಿಜವಾಗಿ ಗೆದ್ದವು ಇಲ್ಲದಿಲ್ಲ. ಡ್ಯಾನ್ ಕ್ಲಾರ್ಕ್ ಆಡಿಯೋ 2021ರಲ್ಲಿ ತಂದ ಸ್ಟೆಲ್ತ್, ಡ್ರೈವರಿಗೂ ಕಿವಿಗೂ ನಡುವೆ ಸಣ್ಣ ಸಣ್ಣ ನಾಳಗಳ ಫಲಕವೊಂದನ್ನು ಇಟ್ಟು ಮರುದನಿಗಳನ್ನು ಹೀರಿಕೊಳ್ಳುತ್ತದೆ. ಬಿಡುಗಡೆಯ ಹೊತ್ತಿಗೆ ಅದರ ಬೆಲೆ ಸುಮಾರು 4000 ಡಾಲರ್. ಎಂಜಿನಿಯರಿಂಗಿನ ದೃಷ್ಟಿಯಿಂದ ನಮಸ್ಕರಿಸಬೇಕಾದ ಕೆಲಸ. ಆದರೆ ತೆರೆದದ್ದರಲ್ಲಿ ಬರೀ ಜಾಲರಿಯಿಂದ ದಕ್ಕುವ ಗುಣವನ್ನು ಮುಚ್ಚಿದ್ದರಲ್ಲಿ ಪಡೆಯಲು ಇಷ್ಟು ಹಣ ತೆರಬೇಕು ಎನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಹಾಗಾಗಿ ದಿನದಲ್ಲಿ ಒಂದಾದರೂ ಶಾಂತವಾದ ಗಂಟೆ ಸಿಗುವವರು ಎಚ್‌ಡಿ 600 ಅಥವಾ 650ರ ಬಳಗದ್ದನ್ನು ಕೊಳ್ಳಲಿ. ಸಿಗದವರು ಡಿಟಿ 770ರಂಥದ್ದನ್ನು ಕೊಂಡು ಉಳಿದ ಹಣದಲ್ಲಿ ಕಚೇರಿಗಳಿಗೆ ಹೋಗಲಿ. ಲಕ್ಷದ ಮೇಲಿನ ಮುಚ್ಚಿದ ಹೆಡ್‌ಫೋನುಗಳನ್ನು ನಾನು ಯಾರಿಗೂ ಹೇಳಲಾರೆ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಮಾಲಿನ ಅಂಗಡಿಯ ಗದ್ದಲದಲ್ಲಿ ತೆರೆದದ್ದು ಯಾವಾಗಲೂ ತೆಳ್ಳಗೆ ಕೇಳಿಸುತ್ತದೆ, ಪಕ್ಕದಲ್ಲಿಟ್ಟ ಮುಚ್ಚಿದ್ದು ತುಂಬಿಕೊಂಡು ನುಡಿಯುತ್ತದೆ. ಅಲ್ಲಿ ನಿಂತು ಮಾಡಿದ ಹೋಲಿಕೆಯಲ್ಲಿ ತೆರೆದದ್ದಕ್ಕೆ ನ್ಯಾಯ ಸಿಗುವುದಿಲ್ಲ. ಬಾಗಿಲು ಮುಚ್ಚುವ ಕೋಣೆ ಕೇಳಿ, ಚೆನ್ನಾಗಿ ಗೊತ್ತಿರುವ ಒಂದು ಮುದ್ರಣವನ್ನು ಜೊತೆಗೆ ಒಯ್ದು, ಒಂದು ರಾಗ ಪೂರ್ತಿ ಕೇಳಬೇಕು. ಮುಚ್ಚಿದ್ದರ ಬೇಸ್ ನಿಂತಿರುವುದು ಕಿವಿಯ ಸುತ್ತ ಗಾಳಿ ಸೋರದಂತೆ ಕೂರುವ ಪ್ಯಾಡಿನ ಮೇಲೆ. ಕನ್ನಡಕದ ಕಡ್ಡಿ, ದಪ್ಪ ಜಡೆ, ದೊಡ್ಡ ಓಲೆ ಒಂದಿಷ್ಟು ಸಂದು ಮಾಡಿದರೂ ಆ ಬೇಸ್ ಸೋರಿಹೋಗುತ್ತದೆ. ಕನ್ನಡಕದವರು ಕನ್ನಡಕ ತೆಗೆಯದೆ, ಓಲೆ ತೊಡುವವರು ಓಲೆ ಬಿಚ್ಚದೆ ಕೇಳಿ ನೋಡಬೇಕು.