ಕವಾಟ ಮುಚ್ಚುವ ಮೊದಲಿನ ಅಧಿಕಾರ

ರಾಬರ್ಟ್ ಕಿಯೋಹೇನ್ ಮತ್ತು ಜೋಸೆಫ್ ನೈ 1977ರಲ್ಲಿ ಪ್ರಕಟಿಸಿದ ‘ಪವರ್ ಆಂಡ್ ಇಂಟರ್‌ಡಿಪೆಂಡೆನ್ಸ್’ ಕೃತಿಯನ್ನು ವ್ಯಾಪಾರ ಬೆಳೆದರೆ ಶಾಂತಿ ತಾನಾಗಿ ಬರುತ್ತದೆಂಬ ಆಶಾವಾದದ ಪುಸ್ತಕವೆಂದು ಓದುವುದು ಅದಕ್ಕೆ ಮಾಡುವ ಅನ್ಯಾಯ. ಎರಡು ದೇಶಗಳು ಒಂದನ್ನೊಂದು ನೆಚ್ಚಿಕೊಂಡಾಗ, ಕಡಿಮೆ ನೆಚ್ಚಿಕೊಂಡವರ ಕೈ ಮೇಲಾಗುತ್ತದೆ ಎಂಬುದೇ ಅದರ ತಿರುಳು. ಪೂರೈಕೆ ಏರುಪೇರಾದ ಕೂಡಲೇ ತಟ್ಟುವ ಬಿಸಿ ಬೇರೆ, ಬದಲಿ ದಾರಿ ಹುಡುಕಿದ ಮೇಲೂ ತಪ್ಪದ ನಷ್ಟ ಬೇರೆ. ಅಧಿಕಾರದ ಬೇರು ಹೆಚ್ಚಾಗಿ ಎರಡನೆಯದರಲ್ಲಿದೆ. ಈ ವಿಂಗಡಣೆ ಇಂದಿಗೂ ಗಟ್ಟಿಯಾಗಿದೆ. ಆದರೆ ಆ ಎರಡನೆಯ ಸ್ಥಿತಿಗೆ ಒಂದು ದೇಶ ಹೇಗೆ ತಲುಪುತ್ತದೆ ಎಂಬುದಕ್ಕೆ ಪುಸ್ತಕ ಸಾಕಷ್ಟು ಗಮನ ಕೊಟ್ಟಿಲ್ಲ. ಈ ವಿಷಯದಲ್ಲಿ ಆಲ್ಬರ್ಟ್ ಹರ್ಷ್‌ಮನ್ 1945ರಲ್ಲೇ ಹೆಚ್ಚು ಆಳಕ್ಕೆ ಇಳಿದಿದ್ದರು. ನಾಜಿ ಜರ್ಮನಿಯ ಆಗ್ನೇಯ ಯುರೋಪಿನ ವ್ಯಾಪಾರವನ್ನು ಪರಿಶೀಲಿಸಿದ ಅವರು, ವ್ಯಾಪಾರವನ್ನು ಮುಂದುವರಿಸಲೇಬೇಕೆಂದು ಒತ್ತಾಯಿಸುವ ಹಿತಾಸಕ್ತಿಗಳು ಸಣ್ಣ ದೇಶಗಳ ಒಳಗೇ ಬೆಳೆಯುತ್ತವೆಂದು ಗುರುತಿಸಿದರು.

ಜರ್ಮನಿಯ ಅನಿಲ ನೀತಿ ಹರ್ಷ್‌ಮನ್ ಮಾತಿಗೆ ಪುರಾವೆ. 2021ರಲ್ಲಿ ಅದರ ಅನಿಲ ಆಮದಿನ ಅರ್ಧಕ್ಕೂ ಹೆಚ್ಚು ರಷ್ಯಾದಿಂದ ಬರುತ್ತಿತ್ತು. ಇದು ಭೂಗೋಳ ಹೇರಿದ ಅನಿವಾರ್ಯತೆಯಲ್ಲ, ದೇಶದೊಳಗಿನ ಆಯ್ಕೆಗಳ ಫಲ. ದ್ರವೀಕೃತ ಅನಿಲವನ್ನು ಹಡಗಿನಿಂದ ಇಳಿಸಿಕೊಳ್ಳಲು ದೇಶದಲ್ಲಿ ಒಂದೂ ಟರ್ಮಿನಲ್ ಇರಲಿಲ್ಲ. ರೇಡೆನ್‌ನ ದೈತ್ಯ ಅನಿಲ ಸಂಗ್ರಹಾಗಾರ 2015ರಲ್ಲಿ ರಷ್ಯಾ ಸರ್ಕಾರದ ಹಿಡಿತದ ಅನಿಲ ಕಂಪನಿ ಗಾಜ್‌ಪ್ರೋಮ್ ಕೈಸೇರಿತು. ಅದೇ ವರ್ಷ, ಉಕ್ರೇನ್‌ನ ಕ್ರೈಮಿಯಾವನ್ನು ರಷ್ಯಾ ವಶಪಡಿಸಿಕೊಂಡು ಒಂದೂವರೆ ವರ್ಷವಾಗಿದ್ದಾಗ, ರಷ್ಯಾದಿಂದ ಜರ್ಮನಿಗೆ ಅನಿಲ ತರಬೇಕಿದ್ದ ‘ನಾರ್ಡ್ ಸ್ಟ್ರೀಮ್ 2’ ಕೊಳವೆ ಮಾರ್ಗಕ್ಕೆ ಕಂಪನಿಗಳ ಸಹಿ ಬಿತ್ತು.

ಪಶ್ಚಿಮ ಜರ್ಮನಿ ಮತ್ತು ಸೋವಿಯತ್ ಒಕ್ಕೂಟದ 1970ರ ಅನಿಲ ಒಪ್ಪಂದದ ನಂತರ ಶೀತಲ ಸಮರದ ಬಿಗುವಿನ ದಿನಗಳಲ್ಲೂ ಸೋವಿಯತ್ ಅನಿಲ ಹರಿಯಿತಲ್ಲ ಎಂದು ಆ ನೀತಿಯ ಸಮರ್ಥಕರು ಕೇಳುತ್ತಾರೆ. ಹರಿದದ್ದು ನಿಜ. ಆದರೆ ಅದು ಮಾಸ್ಕೋಗೆ ಆಗ ವಿದೇಶಿ ವಿನಿಮಯ ಎಷ್ಟು ಬೇಕಿತ್ತೆಂಬುದನ್ನು ತೋರಿಸುತ್ತದೆಯೇ ಹೊರತು ಮುಂದಿನ ನಡೆಗೆ ಖಾತರಿಯಾಗಲಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: 2022ರಲ್ಲಿ ರಷ್ಯಾ ಮೊದಲೇ ಬಳಕೆಯಲ್ಲಿದ್ದ ನಾರ್ಡ್ ಸ್ಟ್ರೀಮ್ 1ರ ಹರಿವನ್ನು ನಿಲ್ಲಿಸಿದರೂ ಡಿಸೆಂಬರ್ ಹೊತ್ತಿಗೆ ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ ತೇಲುವ ಟರ್ಮಿನಲ್ ಸಿದ್ಧವಾಯಿತು, ಚಳಿಗಾಲವೂ ಕಳೆಯಿತು; ಹಾಗಾದರೆ ಆ ಅಧಿಕಾರ ಎಲ್ಲಿತ್ತು? ಕವಾಟ ಮುಚ್ಚಿದ ಮೇಲಷ್ಟೇ ಅಧಿಕಾರವನ್ನು ಅಳೆಯುವುದು ತಪ್ಪೆಂದು ನನಗೆ ಖಚಿತವಾಗಿದೆ. 2014ರಿಂದ 2021ರವರೆಗೆ ರಷ್ಯಾದ ವಿರುದ್ಧ ಕಠಿಣ ನಿಲುವು ತಾಳಲು ಬರ್ಲಿನ್ ತೋರಿದ ಹಿಂಜರಿಕೆಯಲ್ಲೇ ಅದು ಕೆಲಸ ಮಾಡಿಯಾಗಿತ್ತು. ಅದರ ಬೆಲೆಯನ್ನು ಎಲ್ಲರಿಗಿಂತ ಹೆಚ್ಚು ತೆತ್ತದ್ದು ಉಕ್ರೇನ್. ಕವಾಟ ಮುಚ್ಚಿದ್ದು ಆ ಅಸ್ತ್ರದ ಕೊನೆಯ ಬಳಕೆ; ಬದಲಿ ದಾರಿ ರಷ್ಯಾಕ್ಕೂ ಇರಲಿಲ್ಲ. ಯುರೋಪಿನತ್ತ ಹಾಸಿದ ಪಶ್ಚಿಮ ಸೈಬೀರಿಯಾದ ಕೊಳವೆಗಳನ್ನು ಚೀನಾದತ್ತ ತಿರುಗಿಸಲು ಅದಕ್ಕೆ ಆಗಲಿಲ್ಲ, ಏಕೆಂದರೆ ಚೀನಾಕ್ಕೆ ಕೊಳವೆಯಲ್ಲಿ ಹೋಗುವ ಅನಿಲ ಪೂರ್ವ ಸೈಬೀರಿಯಾದ ಬೇರೆ ನಿಕ್ಷೇಪಗಳದ್ದು.