ಕಂಬಕ್ಕೆ ಕಟ್ಟಿಸಿಕೊಂಡ ಮೇಷ್ಟ್ರು

ಸೆಪ್ಟೆಂಬರ್ 5 ಬಂದರೆ ಸಾಕು, ನಮ್ಮ ಚಿತ್ರದುರ್ಗದ ಕಡೆ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಎದ್ದು ಬರುತ್ತಾರೆ. ಶಿಕ್ಷಕರ ದಿನದ ಭಾಷಣಗಳಲ್ಲಿ ರಾಧಾಕೃಷ್ಣನ್ ಅವರ ಹೆಸರು ಒಮ್ಮೆ ಬಂದರೆ ಚಾಮಯ್ಯನವರ ಹೆಸರು ಮೂರು ಸಲ ಬರುತ್ತದೆ. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಇಂಥ ಸಭೆಗಳಲ್ಲಿ ಕೂತು ಕೇಳಿದ್ದೇನೆ. ಗುರು ಎಂದರೆ ಹೀಗಿರಬೇಕು, ಶಿಷ್ಯ ಎಂದರೆ ರಾಮಾಚಾರಿಯ ಹಾಗೆ ಗುರುವಿನ ಮಾತಿಗೆ ಪ್ರಾಣ ಕೊಡಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಐವತ್ತು ವರ್ಷ ದಾಟಿದ ಈ ಕೀರ್ತಿ ಅತಿಯಾಯಿತು ಎಂಬುದು ನನ್ನ ವಾದ. ಅದರ ನೆರಳಿನಲ್ಲಿ ಅದೇ ಚಿತ್ರದ ಇನ್ನೊಬ್ಬ ಮೇಷ್ಟ್ರು ಕಂಬಕ್ಕೆ ಕಟ್ಟಿಸಿಕೊಂಡು ನಿಂತೇ ಇದ್ದಾರೆ. ಅವರನ್ನು ಬಿಚ್ಚುವ ಕೆಲಸವನ್ನು ನಮ್ಮ ಯಾವ ವಿಮರ್ಶಕರೂ ಮಾಡಲಿಲ್ಲ.

‘ನಾಗರಹಾವು’ ಚಿತ್ರದ ಕಥೆ ಹೇಳುತ್ತ ಕೂರುವ ಅಗತ್ಯ ಇಲ್ಲ. 1972, ಪುಟ್ಟಣ್ಣ ಕಣಗಾಲ್, ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದ ಚಿತ್ರಕಥೆ, ನಾಯಕ ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಶ್, ವಿಜಯಭಾಸ್ಕರ್ ಸಂಗೀತ, ಏಳು ಸುತ್ತಿನ ಕೋಟೆ. ಇಷ್ಟು ಓದುಗರಿಗೆ ಗೊತ್ತೇ ಇದೆ. ಕೋಟೆಯ ಬಂಡೆಗಳನ್ನು ಪುಟ್ಟಣ್ಣ ನೋಡಿದ ಹಾಗೆ ಕನ್ನಡದಲ್ಲಿ ಮತ್ತೊಬ್ಬರು ನೋಡಿಲ್ಲ. ಇದನ್ನೂ ಎಲ್ಲರೂ ಒಪ್ಪಿದ್ದಾರೆ, ನಾನೂ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಚಿತ್ರದ ಮೊದಲ ಕೆಲವು ನಿಮಿಷಗಳ ಬಗ್ಗೆ.

ಆ ನಿಮಿಷಗಳಲ್ಲಿ ನಡೆಯುವುದು ಇಷ್ಟು. ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಹೋದ ರಾಮಾಚಾರಿ ಸಿಕ್ಕಿಬೀಳುತ್ತಾನೆ. ತರಗತಿಯಲ್ಲಿ ಎಲ್ಲರ ಮುಂದೆ ಅವಮಾನವಾಗುತ್ತದೆ. ಪ್ರಿನ್ಸಿಪಾಲರು ಎರಡು ವಾರ ಕಾಲೇಜಿಗೆ ಬರಬೇಡ ಎನ್ನುತ್ತಾರೆ. ಆ ರಾತ್ರಿ ಹುಡುಗ ಅವರ ಮನೆಯ ಮೇಲೆ ಕಲ್ಲು ಬೀರುತ್ತಾನೆ. ನಿದ್ದೆಯಿಂದ ಎದ್ದು ಹೊರಗೆ ಬಂದವರನ್ನು ಅರೆಬೆತ್ತಲೆಯಲ್ಲೇ ಕಂಬಕ್ಕೆ ಕಟ್ಟಿ ಓಡಿಹೋಗುತ್ತಾನೆ. 2018ರಲ್ಲಿ ಚಿತ್ರ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂದಾಗ ಚಿತ್ರಮಂದಿರದಲ್ಲಿ ಕೂತು ನೋಡಿದೆ. ಈ ದೃಶ್ಯಕ್ಕೆ ಶಿಳ್ಳೆ ಬಿತ್ತು. ನನ್ನ ಪಕ್ಕದಲ್ಲಿ ಹೈಸ್ಕೂಲು ವಯಸ್ಸಿನ ಮೊಮ್ಮಗನನ್ನು ಕರೆತಂದಿದ್ದ ಹಿರಿಯರೊಬ್ಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗುವೇ ನನ್ನನ್ನು ಈ ಬರಹಕ್ಕೆ ಕೂರಿಸಿತು.

ದೃಶ್ಯವನ್ನು ಕಟ್ಟಿರುವ ಕ್ರಮ ನೋಡಿ. ಹುಡುಗ ಯಾಕೆ ಓದಿರಲಿಲ್ಲ, ಯಾವ ವಿಷಯದಲ್ಲಿ ಹಿಂದಿದ್ದ, ಅವನಿಗೆ ಯಾರು ಪಾಠ ಮಾಡುತ್ತಿದ್ದರು, ಇದೊಂದೂ ಮನಸ್ಸಿಗೆ ಬರದ ಹಾಗೆ ನಾವು ನೇರ ಅವನ ಅವಮಾನದೊಳಕ್ಕೆ ಬೀಳುತ್ತೇವೆ. ಕಥೆಯ ಹೊಸಿಲು ದಾಟುವಾಗಲೇ ಅವನ ಸಿಟ್ಟು ನಮ್ಮ ಸಿಟ್ಟಾಗಿರುತ್ತದೆ. ಆಮೇಲೆ ಕಂಬದ ದೃಶ್ಯ ಬಂದಾಗ ಲೆಕ್ಕ ಚುಕ್ತಾ ಆಯಿತು ಅನಿಸುತ್ತದೆ: ಹಗಲಲ್ಲಿ ನೀನು ನನ್ನ ಮಾನ ತೆಗೆದೆ, ರಾತ್ರಿ ನಾನು ನಿನ್ನ ಮಾನ ತೆಗೆದೆ. ಈ ಲೆಕ್ಕ ತಪ್ಪು. ಹುಡುಗನ ಅವಮಾನಕ್ಕೆ ಕಾರಣ ಅವನು ಮಾಡಿದ ತಪ್ಪು. ಪ್ರಿನ್ಸಿಪಾಲರ ಅವಮಾನಕ್ಕೆ ಕಾರಣ ಅವರು ಮಾಡಿದ ಕೆಲಸ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸಮ ತೂಗಿಸಿದ್ದು ನಿರ್ದೇಶಕನ ಕೈಚಳಕ. ಆ ಕೈಚಳಕಕ್ಕೆ ನಾವೆಲ್ಲ ಮರುಳಾದೆವು.

ಹಾಗಂತ ಪ್ರಿನ್ಸಿಪಾಲರು ಮಾಡಿದ್ದೆಲ್ಲ ಸರಿ ಎನ್ನುವುದಿಲ್ಲ. ಚೀಟಿ ಹಿಡಿಯುವುದು ಬೇರೆ, ಹಿಡಿದ ಹುಡುಗನನ್ನು ನಲವತ್ತು ಜನರೆದುರು ಕುಗ್ಗಿಸುವುದು ಬೇರೆ. ಹದಿಹರೆಯದ ಹುಡುಗನಿಗೆ ಎರಡು ವಾರದ ಅಮಾನತಿಗಿಂತ ಗೆಳೆಯರ ನಗು ಹೆಚ್ಚು ಸುಡುತ್ತದೆ. ಇದನ್ನು ಪುಟ್ಟಣ್ಣ ಸರಿಯಾಗಿಯೇ ಕಂಡಿದ್ದಾರೆ. ಆದರೆ ಅದೇ ಕಣ್ಣನ್ನು ಕಟ್ಟಿಸಿಕೊಂಡವರ ಕಡೆ ಅವರು ತಿರುಗಿಸಲಿಲ್ಲ. ಚಾಮಯ್ಯನವರಿಗೆ ಹೆಂಡತಿ ತುಂಗಮ್ಮ ಇದ್ದಾರೆ, ಮಕ್ಕಳಿಲ್ಲದ ಮನೆಯ ನೋವಿದೆ, ರಾಮಾಚಾರಿಗಾಗಿ ಮಿಡಿಯುವ ಒಂದು ಒಳಲೋಕವೇ ಇದೆ. ಪ್ರಿನ್ಸಿಪಾಲರಿಗೆ ನಮ್ಮ ನೆನಪಿನಲ್ಲಿ ಉಳಿದಿರುವುದು ಒಂದು ಕಂಬ ಮಾತ್ರ. ಚಿತ್ರವನ್ನು ಹತ್ತು ಸಲ ನೋಡಿದವರನ್ನು ಕೇಳಿದ್ದೇನೆ. ‘ಲೋಕನಾಥ್ ಮಾಡಿದ್ದಾರಲ್ಲ, ಆ ಪಾತ್ರ’ ಎನ್ನುತ್ತಾರೆ, ಪಾತ್ರದ ಹೆಸರು ನಾಲಿಗೆಗೆ ಬರುವುದಿಲ್ಲ. ಲೋಕನಾಥ್ ಅಂಥ ನಟನಿಗೆ ಬೆಳಿಗ್ಗೆ ಆ ಕಾಲೇಜಿಗೆ ಮತ್ತೆ ನಡೆದುಕೊಂಡು ಹೋಗುವ ಒಂದೇ ಒಂದು ದೃಶ್ಯ ಕೊಟ್ಟಿದ್ದರೆ ಇಡೀ ಚಿತ್ರದ ನ್ಯಾಯವೇ ಬೇರೆಯಾಗುತ್ತಿತ್ತು.

‘ನಾಗರಹಾವು’ ನಮ್ಮ ಜಿಲ್ಲೆಯ ವಿದ್ಯಾರ್ಥಿ ಜೀವನದ ಚಿತ್ರ ಎಂದು ಹೇಳುವವರಿದ್ದಾರೆ. ನಾನು ಹೊಳಲ್ಕೆರೆ ಸೀಮೆಯ ಒಂದು ಹೈಸ್ಕೂಲಿನಲ್ಲಿ ಓದಿದವನು. ವಿದ್ಯಾರ್ಥಿ ಜೀವನ ಎಂದರೆ ನನಗೆ ಮೊದಲು ನೆನಪಾಗುವುದು ಕರಿಹಲಗೆಯ ಬಲಮೂಲೆ. ಅಲ್ಲಿ ದಿನಾಂಕ, ಒಟ್ಟು, ಹಾಜರು, ಗೈರು ಎಂದು ನಾಲ್ಕು ಸಾಲು ಇರುತ್ತಿದ್ದವು. ಕಡಲೆಕಾಯಿ ಕೀಳುವ ಕಾಲಕ್ಕೆ ಗೈರಿನ ಸಂಖ್ಯೆ ಏರುತ್ತಿತ್ತು, ಊರ ತೇರಿನ ಮಾರನೇ ದಿನ ಇನ್ನೂ ಏರುತ್ತಿತ್ತು. ಮೇಷ್ಟ್ರು ಆ ಅಂಕಿ ನೋಡಿಯೇ ಯಾರ ಹೊಲದಲ್ಲಿ ಏನು ಕೆಲಸ ನಡೆದಿದೆ ಎಂದು ಹೇಳುತ್ತಿದ್ದರು. ಎಡಮೂಲೆಯಲ್ಲಿ ಕ್ಲಾಸ್ ಲೀಡರ್ ಬರೆದ ಮಾತಾಡಿದವರ ಹೆಸರು. ಎರಡನೇ ಸಲ ಮಾತಾಡಿದರೆ ಹೆಸರಿನ ಮುಂದೆ ಒಂದು ಗುಣಾಕಾರದ ಗುರುತು. ಬೆಳಿಗ್ಗೆ ಪ್ರೇಯರ್ ಮುಗಿದ ಮೇಲೆ ಒಬ್ಬ ಹುಡುಗಿ ಪತ್ರಿಕೆಯ ತಲೆಬರಹ ಓದುತ್ತಿದ್ದಳು. ವಾಣಿವಿಲಾಸ ಸಾಗರದ ನೀರಿನ ಮಟ್ಟ ಎಷ್ಟು ಅಡಿ ಎಂದು ಓದುವಾಗ, ಹಿರಿಯೂರಿನ ಕಡೆ ನೆಂಟರಿದ್ದ ಹುಡುಗರು ಕಿವಿ ನೆಟ್ಟಗೆ ಮಾಡುತ್ತಿದ್ದರು. ತರಗತಿಯೊಂದು ಸಣ್ಣ ಊರು. ಅದಕ್ಕೆ ಅದರದೇ ಸುದ್ದಿ, ಅದರದೇ ಜಗಳ, ಅದರದೇ ಪಂಚಾಯ್ತಿ ಇರುತ್ತದೆ. ಚಿತ್ರದಲ್ಲಿ ಈ ಊರು ಇಲ್ಲ. ವರದ, ತುಕಾರಾಂ, ಜಲೀಲ ಎಂಬ ಹುಡುಗರೆಲ್ಲರೂ ಇದ್ದಾರೆ, ಆದರೆ ಬೀದಿಯಲ್ಲಿದ್ದಾರೆ, ಬೆಟ್ಟದ ಮೇಲಿದ್ದಾರೆ. ತರಗತಿ ಎಂಬುದು ರಾಮಾಚಾರಿಗೆ ಅವಮಾನವಾಗಲು ಬೇಕಾದ ಒಂದು ಕೋಣೆಯಷ್ಟೇ.

ಇನ್ನು ನಮ್ಮ ವಿಮರ್ಶಕರ ವಿಚಾರ. ಈ ಚಿತ್ರದ ಬಗ್ಗೆ ಅರ್ಧ ಶತಮಾನದಿಂದ ನಡೆದಿರುವುದು ಒಂದೇ ಜಗಳ. ತ.ರಾ.ಸು. ಅವರಿಗೆ ಚಿತ್ರ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂಬ ಅರ್ಥದ ಮಾತು ಆಡಿದರು ಎಂಬುದು ಎಲ್ಲರ ಬಾಯಲ್ಲೂ ಇದೆ. ಒಂದು ಗುಂಪು ಈ ಮಾತು ಹಿಡಿದು ಕಾದಂಬರಿ ದೊಡ್ಡದು ಎನ್ನುತ್ತದೆ. ಇನ್ನೊಂದು ಗುಂಪು ಸಿನಿಮಾ ಬೇರೆಯೇ ಮಾಧ್ಯಮ, ಪುಟ್ಟಣ್ಣನವರಿಗೆ ಸ್ವಾತಂತ್ರ್ಯವಿತ್ತು ಎನ್ನುತ್ತದೆ. ಹಾವು ಯಾವ ಜಾತಿಯದು ಎಂದು ಹೀಗೆ ಕಾದಾಡಿದವರು ಅದು ಕಚ್ಚಿದ್ದು ಯಾರನ್ನು ಎಂದು ಕೇಳಲಿಲ್ಲ. ಎರಡು ಗುಂಪಿಗೂ ರಾಮಾಚಾರಿಯ ರೋಷವೇ ಬಂಡವಾಳ. ಆ ರೋಷ ಕಾದಂಬರಿಯಲ್ಲಿ ಹೆಚ್ಚು ವಿಷದ್ದೋ ಚಿತ್ರದಲ್ಲೋ ಎಂಬುದಷ್ಟೇ ಅವರ ತಕರಾರು. ಮೇಷ್ಟ್ರ ಕೆಲಸ ಏನು ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆಯದೆ ಹೋದದ್ದು ಅಚ್ಚರಿ. ಯಾಕೆಂದರೆ ಆ ಪ್ರಶ್ನೆ ತ.ರಾ.ಸು. ಅವರ ಮನೆಯೊಳಗೇ ಇತ್ತು. ಅವರ ದೊಡ್ಡಪ್ಪ ತಳುಕಿನ ವೆಂಕಣ್ಣಯ್ಯನವರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕೃತಿಯನ್ನು ಅರ್ಪಿಸಿದ್ದು ಈ ಗುರುವಿಗೆ. ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಹೋಗಿ ಮೈಸೂರಿನಲ್ಲಿ ಕನ್ನಡ ಪಾಠ ಹೇಳಿದ ಆ ಮೇಷ್ಟ್ರು ಶಿಷ್ಯನ ಬದುಕನ್ನು ತಾವೇ ನಡೆಸಲು ಹೋಗಲಿಲ್ಲ. ಶಿಷ್ಯ ತನ್ನ ದಾರಿ ತಾನು ಹಿಡಿದ, ಅದೇ ಕಾವ್ಯವಾಗಿ ಗುರುವಿಗೆ ಮರಳಿತು. ಗುರುಶಿಷ್ಯ ಸಂಬಂಧಕ್ಕೆ ದುರ್ಗದ ಸೀಮೆಯಿಂದ ಒಂದು ಮಾದರಿ ಬೇಕೆಂದರೆ ಅದು ಇದು. ಶಿಕ್ಷಕರ ದಿನದಂದು ನಮ್ಮ ಸಭೆಗಳಲ್ಲಿ ಈ ಹೆಸರು ಕೇಳಿದ್ದು ನನಗೆ ನೆನಪಿಲ್ಲ.

ಚಾಮಯ್ಯನವರು ರಾಮಾಚಾರಿಗೆ ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದವರು. ಹುಡುಗ ಕಾಲೇಜಿಗೆ ಬಂದ ಮೇಲೂ ಅವನ ಪರವಾಗಿ ತೀರ್ಮಾನ ತೆಗೆದುಕೊಳ್ಳುವವರು ಅವರೇ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು, ತ್ಯಾಗ ದೊಡ್ಡದು ಎಂದು ಒಪ್ಪಿಸುವವರೂ ಅವರೇ. ಚಾಮಯ್ಯನಾಗಿ ನಟಿಸಿದ ಕೆ.ಎಸ್. ಅಶ್ವಥ್ ಅವರ ದನಿಯಲ್ಲಿ ಎಷ್ಟು ಮಮತೆ ಇದೆ ಎಂದರೆ ಆ ಮಾತಿನೊಳಗಿನ ಬಲವಂತ ನಮಗೆ ಕೇಳಿಸುವುದೇ ಇಲ್ಲ. ಮತದ ಕಟ್ಟಳೆಗೆ ಹೆದರಿ ದೊಡ್ಡವರು ಮಾಡಿದ ತೀರ್ಮಾನವನ್ನು ಹುಡುಗನ ತ್ಯಾಗ ಎಂದು ಹೆಸರಿಟ್ಟು ಅವನ ಕೈಗೆ ಕೊಡುತ್ತಾರೆ. ಪಾಪ, ಅಲಮೇಲುವನ್ನು ಯಾರೂ ಕೇಳುವುದಿಲ್ಲ. ಅವಳ ಬದುಕು ಯಾವ ಗತಿಗೆ ಬಂತು ಎಂಬುದನ್ನು ಚಿತ್ರವೇ ತೋರಿಸುತ್ತದೆ. ಮುಂದೆ ರಾಮಾಚಾರಿಯ ಬದುಕಿಗೆ ಮಾರ್ಗರೆಟ್ ಬಂದಾಗ ಮತ್ತೆ ಅದೇ ಮತದ ಅಡ್ಡಿ, ಕೊನೆಗೆ ಗುರು, ಶಿಷ್ಯ, ಮಾರ್ಗರೆಟ್ ಮೂವರೂ ಬೆಟ್ಟದಿಂದ ಬೀಳುತ್ತಾರೆ. ಇಲ್ಲಿ ಪುಟ್ಟಣ್ಣನವರಿಗೆ ಸಲ್ಲಬೇಕಾದ ಗೌರವ ಸಲ್ಲಿಸುತ್ತೇನೆ: ಚಾಮಯ್ಯನವರು ತಪ್ಪಿದರು ಎಂದು ಚಿತ್ರಕ್ಕೆ ಗೊತ್ತಿದೆ. ಗೊತ್ತಿಲ್ಲದಿರುವುದು ವೇದಿಕೆ ಹತ್ತಿ ಅವರನ್ನು ಆದರ್ಶ ಗುರು ಎನ್ನುವ ನಮಗೆ. ಹದಿನೈದು ವರ್ಷದ ಮಕ್ಕಳ ಮುಂದೆ ನಿಂತು ಚಾಮಯ್ಯನವರನ್ನು ಹೊಗಳುವಾಗ, ನಿನ್ನ ಬದುಕಿನ ತೀರ್ಮಾನ ಇನ್ನೊಬ್ಬರು ಮಾಡಲಿ ಎಂದು ಹೇಳಿದಂತಾಗುತ್ತದೆ.

ಅಂದರೆ ಈ ಚಿತ್ರದಲ್ಲಿ ಇಬ್ಬರು ಮೇಷ್ಟ್ರು. ಒಬ್ಬರು ಹುಡುಗನನ್ನು ಪ್ರೀತಿಸಿ ಅವನ ಆಯ್ಕೆಯನ್ನು ಕಿತ್ತುಕೊಂಡರು. ಇನ್ನೊಬ್ಬರು ಪ್ರೀತಿ ತೋರದೆ, ಮಾಡಬೇಕಾದ ಕೆಲಸ ಮಾಡಿದರು. ಮೊದಲನೆಯವರಿಗೆ ನಾವು ಹಾರ ಹಾಕಿದೆವು, ಎರಡನೆಯವರನ್ನು ನೋಡಿ ನಕ್ಕೆವು. ಇದು ಸಿನಿಮಾದ ಮಾತು ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ನಮ್ಮ ಕೇಂದ್ರದ ಕಾಂಪೌಂಡಿನ ಹೊರಗೆ ಅಣ್ಣಂದಿರು, ಮಾವಂದಿರು ನಿಂತಿರುತ್ತಿದ್ದರು. ಕಿಟಕಿಯಿಂದ ಚೀಟಿ ಬರುತ್ತಿತ್ತು. ತಡೆಯಲು ಹೋದ ಒಬ್ಬ ಮೇಡಂ ಅವರ ಸೈಕಲ್ಲಿನ ಟೈರನ್ನು ಅಂದು ಸಂಜೆ ಯಾರೋ ಕುಯ್ದಿದ್ದರು. ಊರಲ್ಲಿ ಅದನ್ನು ಹೇಳಿಕೊಂಡು ನಕ್ಕರು. ಆ ನಗುವನ್ನೇ ನಾನು 2018ರಲ್ಲಿ ಮತ್ತೆ ಕೇಳಿದ್ದು.

2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.8ರೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಸಿಹಿ ಹಂಚಿದರು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕ ಹೆಚ್ಚಿಸಿದರೂ ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ನಮ್ಮ ಜಿಲ್ಲೆ 21ನೇ ಸ್ಥಾನಕ್ಕೆ ಬಂತು. ಈ ಇಳಿತಕ್ಕೆ ಯಾವ ಒಂದು ಶಾಲೆಯನ್ನೂ, ಯಾವ ಮಗುವನ್ನೂ ನಾನು ದೂರುವುದಿಲ್ಲ. ಕಷ್ಟಪಟ್ಟು ಓದಿ ಪಾಸಾದ ಮಕ್ಕಳು ಎರಡೂ ವರ್ಷ ಇದ್ದರು, ಅವರ ಬೆವರು ನಿಜ. ಆದರೆ ಮೇಷ್ಟ್ರ ಕಣ್ಣು ಮಾಡಬೇಕಾದ ಕೆಲಸವನ್ನು ಗೋಡೆಯ ಕ್ಯಾಮೆರಾಗೆ ವಹಿಸಬೇಕಾಗಿ ಬಂದದ್ದೂ ನಿಜ. ಚೀಟಿ ಹಿಡಿದ ಮೇಷ್ಟ್ರನ್ನು ಕಂಬಕ್ಕೆ ಕಟ್ಟಬಹುದು ಎಂದು ನಕ್ಕು ಒಪ್ಪಿಕೊಂಡ ಸೀಮೆಯಲ್ಲಿ ಕೊಠಡಿ ಮೇಲ್ವಿಚಾರಕರು ಕಿಟಕಿಯ ಕಡೆ ಬೆನ್ನು ಹಾಕಿ ನಿಂತರೆ ತಪ್ಪು ಅವರೊಬ್ಬರದೇ ಆಗುವುದಿಲ್ಲ.

ಮುಂದಿನ ಶಿಕ್ಷಕರ ದಿನದಂದು ಮಾತಾಡಲು ಒಪ್ಪಿಕೊಂಡಿರುವವರಲ್ಲಿ ನನ್ನ ಕೋರಿಕೆ ಒಂದಿದೆ. ಮಕ್ಕಳಿಗೆ ಬೆಟ್ಟದ ದೃಶ್ಯ ಹೇಳುವ ಮೊದಲು ಕಂಬದ ದೃಶ್ಯ ಹೇಳಿ. ಆ ರಾತ್ರಿ ಕಳೆದು ಬೆಳಿಗ್ಗೆ ಗಂಟೆ ಹೊಡೆದಾಗ ಪ್ರಿನ್ಸಿಪಾಲರು ತರಗತಿಗೆ ಹೇಗೆ ಹೋಗಿರಬೇಕು, ಹುಡುಗರು ಅವರ ಮುಖ ಹೇಗೆ ನೋಡಿರಬೇಕು ಎಂದು ಕೇಳಿ. ಉತ್ತರವನ್ನು ಮಕ್ಕಳೇ ಹೇಳಲಿ.